ಮೈಸೂರಿನಲ್ಲಿ ಒಬ್ಬರಿದ್ದಾರೆ

ನಮ್ಮ ಚಿಕ್ಕಮ್ಮನ ಕಂಪ್ಯೂಟರು ಸ್ವಿಚ್ ಒತ್ತಿದ ಕೂಡಲೇ ಮಾತಾಡಲು ಶುರುಮಾಡುತ್ತಿತ್ತು. ಶುರುಮಾಡಿದರೆ ಸುಲಭಕ್ಕೆ ನಿಲ್ಲಿಸುವ ಪೈಕಿಯಲ್ಲ. ಮೆಮರಿ ಸರಿಯಿದೆ, ಕೀಬೋರ್ಡ್ ಸಿಕ್ಕಿತು, ಡಿಸ್ಕ್ ಸಿಕ್ಕಿತು ಎಂದು ತನ್ನ ಮೈಯ ಒಂದೊಂದು ಭಾಗವನ್ನೂ ತಾನೇ ಮುಟ್ಟಿ ನೋಡಿಕೊಂಡು ವರದಿ ಒಪ್ಪಿಸುತ್ತಿತ್ತು, ಇಂಗ್ಲಿಷಿನಲ್ಲಿ, ತಗಡು ಕೆರೆದಂಥ ದನಿಯಲ್ಲಿ. ಎಲ್ಲ ಸರಿಹೋದ ಮೇಲೆ ಕೊನೆಗೆ ಒಂದೇ ಒಂದು ಮಾತು ಕನ್ನಡದಲ್ಲಿ: "ಎಲಮ್ಮಾ, ಬೆಲಗಾಯ್ತು." ಅದು "ಏಳಮ್ಮ, ಬೆಳಗಾಯ್ತು" ಅನ್ನಬೇಕಿತ್ತು. ಕನ್ನಡ ಬಾರದ ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳನ್ನು ಹೊಂದಿಸಿ ಹೊಂದಿಸಿ ಚಿಕ್ಕಮ್ಮ ಕಲಿಸಿದ ಕನ್ನಡ ಅದು. ಪತ್ರಿಕೆ, ಕತೆಪುಸ್ತಕ ಎಲ್ಲವನ್ನೂ ಅದು ಹೀಗೇ ಓದುತ್ತಿತ್ತು. ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಅವಳಿಗೆ ಒಂದಕ್ಷರವೂ ತಪ್ಪುತ್ತಿರಲಿಲ್ಲ.

ಬೆಳಿಗ್ಗೆ ಅದು ವರದಿ ಒಪ್ಪಿಸುವಾಗ ಚಿಕ್ಕಮ್ಮನೂ ಜೊತೆಯಲ್ಲಿ ಹೇಳಿಕೊಳ್ಳುತ್ತಿದ್ದಳು. ಸೊಪ್ಪು ಬಿಡಿಸುತ್ತಲೋ ತಲೆ ಬಾಚಿಕೊಳ್ಳುತ್ತಲೋ, ಅದರದೇ ದನಿ ಮಾಡಿಕೊಂಡು, ಅದು ನಿಲ್ಲಿಸಿದ ಕಡೆ ತಾನೂ ನಿಲ್ಲಿಸಿ. ಒಂದು ಮಾತು ಹಿಂದಿಲ್ಲ, ಒಂದು ಮಾತು ಮುಂದಿಲ್ಲ. ಕೊನೆಯ "ಬೆಲಗಾಯ್ತು" ಇಬ್ಬರ ಬಾಯಿಂದಲೂ ಒಟ್ಟಿಗೇ ಬೀಳುತ್ತಿತ್ತು. ಆಮೇಲೆ ಬಾಗಿಲ ಬಳಿ ಹೆಲ್ಮೆಟ್ ಹಿಡಿದು ನಿಂತ ನನ್ನ ಕಡೆ ಮುಖ ತಿರುಗಿಸಿ, "ಇಬ್ರೂ ಒಟ್ಗೇ ಮುಗ್ಸುದ್ವಾ?" ಎಂದು ಕೇಳುತ್ತಿದ್ದಳು.

"ಅವಳಿ ಜವಳಿ ಕಣಮ್ಮ ನೀವು" ಅನ್ನುತ್ತಿದ್ದೆ ನಾನು. ಅವಳಿಗೆ ಅದು ಬಿರುದು ಸಿಕ್ಕಿದಷ್ಟು ಖುಷಿ.

ಚಿಕ್ಕಮ್ಮ ನನ್ನ ಅವ್ವನ ತಂಗಿ. ಮೂರನೇ ಕ್ಲಾಸಿನಲ್ಲಿದ್ದಾಗ ದಡಾರ ಬಂದು ಕಣ್ಣು ಹೋಯಿತು. ಅಂಧ ಮಕ್ಕಳ ಶಾಲೆಯಲ್ಲಿ ಓದಿ, ಟೈಪಿಂಗ್ ಕಲಿತು, ಸರ್ಕಾರಿ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆದಳು. ರಿಟೈರ್ ಆಗುವತನಕ ಅವಳಿಗೆ ಎರಡು ಕನ್ನಡ ಇದ್ದವು. ಫೋನಿನಲ್ಲಿ "ದಯವಿಟ್ಟು ಸಾಲಿನಲ್ಲಿರಿ" ಎನ್ನುವ ಕನ್ನಡ ಒಂದು. ಮನೆಗೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಕೂಡಲೇ ನಮ್ಮ ಹಳ್ಳಿಯ ಕನ್ನಡ. ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದವರಿಗೆ, "ನನ್ ಕಣ್ಣು ಓಗಿದ್ದು, ಬುದ್ಧಿ ಓಗ್ನಿಲ್ಲ ಕಣ್ರವ್ವ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮೈಸೂರಿನ ಕೃಷ್ಣಮೂರ್ತಿಪುರಂನ ಒಂದು ಹಳೇ ಮನೆಯ ಹಿಂಭಾಗದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದಳು. ನಾನಿರುವುದು ಕೆಸರೆಯಲ್ಲಿ. ಕಡಕೊಳದ ಒಂದು ಫ್ಯಾಕ್ಟರಿಯಲ್ಲಿ ಒತ್ತಡ, ಶಾಖ ಅಳೆಯುವ ಉಪಕರಣಗಳನ್ನು ಸರಿಪಡಿಸುವುದು ನನ್ನ ಕೆಲಸ. ಸ್ಕೂಟರಿನಲ್ಲಿ ಊರು ದಾಟಿ ನಂಜನಗೂಡು ರಸ್ತೆ ಹಿಡಿಯುವ ಮುಂಚೆ ಅವಳ ಮನೆಯಲ್ಲಿ ಒಂದು ಲೋಟ ಕಾಫಿ. ನನ್ನ ಮದುವೆಗೆ ಮುಂಚೆಯಿಂದ ನಡೆದುಬಂದ ಪದ್ಧತಿ.

ಅವಳ ಕಂಪ್ಯೂಟರು ಒಂದು ತರಬೇತಿ ಕೇಂದ್ರ ಮುಚ್ಚಿದಾಗ ಅಲ್ಲಿಂದ ಬಂದದ್ದು. ಅದರ ಹೊಟ್ಟೆಯಲ್ಲಿ ಮೊಳದುದ್ದದ ಒಂದು ಕಾರ್ಡ್ ಇತ್ತು. ಮಾತಾಡುವುದು ಅದೇ. ಅಂಥ ಕಾರ್ಡ್ ಕೂರಿಸುವ ಜಾಗ ಈಗಿನ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಆದ್ದರಿಂದ ಆ ದನಿ ಬೇಕು ಅಂದರೆ ಆ ಹಳೇ ಪೆಟ್ಟಿಗೆಯೇ ಬೇಕು. ಅದರೊಳಗಿದ್ದ ಆಪರೇಟಿಂಗ್ ಸಿಸ್ಟಮ್ ಅಂಗಡಿಯಲ್ಲಿ ಕೊಳ್ಳುವಂಥದ್ದಲ್ಲ. ನಾನಾ ದೇಶದ ಜನ ಸೇರಿ ಬರೆಯುವ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶ. ಕಾರ್ಡಿನ ಭಾಷೆ ಬಲ್ಲ, ಡ್ರೈವರ್ ಅನ್ನುವ ತಂತ್ರಾಂಶದ ಒಂದು ಸಣ್ಣ ತುಣುಕು ಅದರ ತಿರುಳಿನಲ್ಲೇ ಇತ್ತು. ಹಾಗಾಗಿ ಮಾತು ಮೊಟ್ಟಮೊದಲೇ ಹುಟ್ಟುತ್ತಿತ್ತು. ಬೇರೆ ಮಾತಾಡುವ ಕಂಪ್ಯೂಟರುಗಳು ಎಲ್ಲ ನೆಟ್ಟಗಿದ್ದರೆ ಮಾತಾಡುತ್ತವೆ, ಕೆಟ್ಟರೆ ಮೂಕವಾಗಿ ಕೂರುತ್ತವೆ. ಆಗ ಕಣ್ಣಿರುವವರನ್ನು ಕರೆಯಬೇಕು. ಇದು ಹಾಗಲ್ಲ. ಕೆಟ್ಟಾಗಲೂ ಎಲ್ಲಿ ನೋಯುತ್ತಿದೆ ಎಂದು ಬಾಯಿಬಿಟ್ಟು ಹೇಳುತ್ತಿತ್ತು. ಚಿಕ್ಕಮ್ಮ ಅದನ್ನು ತಾನೇ ಕೇಳಿ, ತಾನೇ ಸರಿಮಾಡಿಕೊಂಡು, ಯಾರ ಮುಲಾಜೂ ಇಲ್ಲದೆ ಇದ್ದಳು. ಅವಳ ಅರ್ಧ ಗತ್ತು ಇದ್ದದ್ದೇ ಅಲ್ಲಿ.

ಬೆಳಿಗ್ಗೆ ಎದ್ದು ಪತ್ರಿಕೆ ಓದಿಸಿಕೊಂಡು ಬೀದಿಗೆಲ್ಲ ಸುದ್ದಿ ಹಂಚುವವಳೂ ಅವಳೇ. ಹೂವಿನವಳು, ಮುಂದಿನ ಮನೆಯ ಓನರ್ ಆಂಟಿ, ಎದುರು ಮನೆಯ ರಿಟೈರ್ಡ್ ಮೇಷ್ಟ್ರು, ಎಲ್ಲರೂ ಅವಳ ಬಾಯಿಂದ ಕೇಳಿದ ಮೇಲೆಯೇ ಪೇಪರ್ ಬಿಡಿಸುತ್ತಿದ್ದದ್ದು.

ಒಂದು ಸಲ ಸಿಸ್ಟಮ್ಮನ್ನು ಹೊಸದಕ್ಕೆ ಬದಲಾಯಿಸಿದಾಗ ಕಾರ್ಡ್ ತೊದಲತೊಡಗಿತು. ನಾನು ಗೊತ್ತಿದ್ದಷ್ಟು ಕೆದಕಿ, ಅದನ್ನು ಬರೆಯುವವರ ಮೇಲಿಂಗ್ ಲಿಸ್ಟಿನಲ್ಲಿ ಕೇಳಿ, ಒಂದು ಸಾಲು ತಿದ್ದಿ ಕಳಿಸಿದೆ. ಅವರು ಒಪ್ಪಿಕೊಂಡರು. ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ? ಕೆಲವು ಕಾಲದ ನಂತರ ಒಂದು ಇಮೇಲ್ ಬಂತು.

ಆ ಲೋಕದಲ್ಲಿ ಒಂದು ಕ್ರಮ ಇದೆ. ಹಳೆಯ ಯಂತ್ರದ ಡ್ರೈವರನ್ನು ತೆಗೆದುಹಾಕಬೇಕು ಅನ್ನಿಸಿದಾಗ ಏಕಾಏಕಿ ತೆಗೆಯುವುದಿಲ್ಲ. ಮೊದಲು ಎಲ್ಲರಿಗೂ ಕಾಣುವ ಹಾಗೆ ಕೇಳುತ್ತಾರೆ: ಇದನ್ನು ಇನ್ನೂ ಯಾರಾದರೂ ಬಳಸುತ್ತಿದ್ದೀರಾ? ಯಾರೂ ಉಸಿರೆತ್ತದಿದ್ದರೆ ಮುಂದಿನ ಆವೃತ್ತಿಯಲ್ಲಿ ಅದು ಇರುವುದಿಲ್ಲ. ಅವರು ಕೆಟ್ಟವರೇನಲ್ಲ. ತಿರುಳಿನಲ್ಲಿ ಏನೇ ಬದಲಾವಣೆ ಮಾಡಿದರೂ ಈ ಹಳೆಯದನ್ನೆಲ್ಲ ಜೊತೆಗೆ ತಿದ್ದಿಕೊಂಡು ಹೋಗಬೇಕು. ಯಾರೂ ವಾಸವಿಲ್ಲದ ಮನೆಗೆ ವರ್ಷಾವರ್ಷ ಸುಣ್ಣ ಬಳಿಸುವವರು ಯಾರು? ನನಗೆ ಆದರೂ ಸಿಟ್ಟು ಬಂತು. ಕಾಫಿ ಕುಡಿಯುತ್ತ ಚಿಕ್ಕಮ್ಮನಿಗೆ ಹೇಳಿದೆ.

ಅವಳಿಗೆ ತಕ್ಷಣ ಅರ್ಥವಾಯಿತು. "ಪೇಪರ್ನಲ್ಲಿ ಜಾಹೀರು ಪ್ರಕಟಣೆ ಕೊಡ್ತಾರಲ್ಲ, ಅಂಗೇ ಅನ್ನು. ಸೈಟು ತಗೊಳೋರು ಆಕಿಸ್ತಾರೆ, ತಕರಾರು ಇದ್ದವರು ತಿಳಿಸತಕ್ಕದ್ದು ಅಂತ."

"ಹೂಂ, ಅದೇ."

"ಮತ್ತೆ ಮುಖ ಗಂಟಾಕ್ಕೊಂಡು ಯಾಕ್ ಕುಂತಿದೀಯ? ನಂದು ತಕರಾರದೆ ಅಂತ ಬರಿ."

ನಾನು ಇಂಗ್ಲಿಷಿನಲ್ಲಿ ಬರೆದೆ: ಇದ್ದಾರೆ, ಮೈಸೂರಿನಲ್ಲಿ ಒಬ್ಬರಿದ್ದಾರೆ. ಅವರಿಗೆ ಕಣ್ಣು ಕಾಣುವುದಿಲ್ಲ, ಪ್ರತಿದಿನ ಬಳಸುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಉತ್ತರ ಬಂತು, ಹಿಮ ಬೀಳುವ ಯಾವುದೋ ಊರಿನಿಂದ. ತಾನೂ ಕಣ್ಣು ಕಾಣದವನು, ವಯಸ್ಸಾಗಿದೆ, ತನ್ನ ಬಳಿಯೂ ಅದೇ ಕಾರ್ಡ್ ಇದೆ ಎಂದು. ಸರಿ, ಡ್ರೈವರ್ ಉಳಿಯಲಿ, ಆದರೆ ನೋಡಿಕೊಳ್ಳುವವರು ಯಾರು ಎಂದು ಆ ತಂತ್ರಾಂಶದ ಹೊಣೆ ಹೊತ್ತ ಮೇಲಿನವರು ಕೇಳಿದರು. ಹಿಂದೆ ಒಂದು ಸಾಲು ತಿದ್ದಿದ್ದವಳು ನಾನೊಬ್ಬಳೇ. ಮಾಡಿದ್ದುಣ್ಣೋ ಮಹಾರಾಯ ಎಂದು ಆ ಜವಾಬ್ದಾರಿ ನನ್ನ ಕೊರಳಿಗೆ ಬಿತ್ತು. ನೋಡಿಕೊಳ್ಳುವವಳು ಎಂದು ನನ್ನ ಹೆಸರು, ಪರೀಕ್ಷೆ ಮಾಡುವವಳು ಎಂದು ಅದರ ಕೆಳಗೆ ಚಿಕ್ಕಮ್ಮನ ಹೆಸರು.

ಆ ಸಾಲನ್ನು ಕಾರ್ಡಿನ ಬಾಯಿಂದಲೇ ಓದಿಸಿಕೊಂಡಳು. ಅವಳ ಹೆಸರನ್ನೂ ಅದು ಕೆಡಿಸಿಯೇ ಹೇಳಿತು. "ಇನ್ನೊಂದ್ ಸಲ ಓದ್ಸು" ಅಂದಳು. ಮಧ್ಯಾಹ್ನ ಓನರ್ ಆಂಟಿಗೆ, "ನನ್ ಎಸ್ರು ಪ್ರಪಂಚದ್ ಕಂಪ್ಯೂಟ್ರಲ್ಲೆಲ್ಲಾ ಅದೆ ಕಣ್ರೀ, ತೆಗ್ದು ನೋಡೋರಿಲ್ಲ ಅಷ್ಟೇ" ಎಂದು ಹೇಳಿದಳಂತೆ.

ಅಲ್ಲಿಂದ ಅದು ನಮ್ಮ ಸಂಸಾರದ ಭಾಗವಾಯಿತು. ಹೊಸ ಆವೃತ್ತಿ ಸಿದ್ಧವಾದಾಗಲೆಲ್ಲ ನಾನು ಕೆಸರೆಯ ಮನೆಯಲ್ಲಿ ಅದನ್ನು ಕಟ್ಟಿ ಪೆನ್‌ಡ್ರೈವಿನಲ್ಲಿ ತರುತ್ತಿದ್ದೆ. ಚಿಕ್ಕಮ್ಮ ಹಾಕಿಕೊಂಡು ಕೇಳುತ್ತಿದ್ದಳು. ಅವಳ ಪರೀಕ್ಷೆ ಅಂದರೆ ಹೆಣ್ಣು ನೋಡಲು ಬಂದ ಅತ್ತೆಯ ಪರೀಕ್ಷೆ. "ಮಾತ್ ಮಾತ್ಗೂ ಉಸ್ರೆಳ್ಕೊತಾ ಅದೆ", "ಪೂರ್ಣವಿರಾಮ ನುಂಗ್ತದೆ", "ಇವತ್ತು ಯಾಕೋ ಸಿಡಿಸಿಡಿ ಅಂತದೆ". ಇವುಗಳನ್ನು ನಾನು ಇಂಗ್ಲಿಷಿಗೆ ತರಬೇಕು. ತಂದು ಕಳಿಸಿದರೆ ಹಿಮದೂರಿನವನು ಹೌದು, ನನ್ನದರಲ್ಲೂ ಹಾಗೇ ಎಂದು ಬರೆಯುತ್ತಿದ್ದ. ಚಿಕ್ಕಮ್ಮ ಅವನನ್ನು ಹಿಮದೂರಿನ ಅಣ್ಣ ಎಂದು ಕರೆದಳು. ನನ್ನ ಇಮೇಲಿನ ಕೊನೆಯಲ್ಲಿ ಅವಳದೊಂದು ಮಾತು ಇರಲೇಬೇಕು. "ಇಲ್ಲಿ ಮಾವಿನ್ಕಾಯಿ ಬಂದ್ವು ಅಂತ ಬರಿ. ಪಾಪ, ಅಲ್ಲೇನ್ ಬರ್ತದೋ." ಅಲ್ಲಿಂದ ಇನ್ನೂ ಹಿಮ ಕರಗಿಲ್ಲ ಎಂದು ಉತ್ತರ. ಒಬ್ಬರ ದನಿಯನ್ನು ಇನ್ನೊಬ್ಬರು ಕೇಳಿದ್ದೇ ಇಲ್ಲ. ಆದರೆ ಇಬ್ಬರ ಕಿವಿಯಲ್ಲೂ ದಿನವಿಡೀ ಮಾತಾಡುತ್ತಿದ್ದುದು ಒಂದೇ ದನಿ.

ಅವಳ ಕಿವಿ ಯಾವಾಗ ಮಂದವಾಗತೊಡಗಿತು ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಮೊದಲು ಫೋನ್ ಎತ್ತುವುದು ನಿಲ್ಲಿಸಿದಳು. ಜೀವನವಿಡೀ ಫೋನಿನ ಜೊತೆ ಬದುಕಿದವಳು, "ಸಾಕಾಯ್ತು ಕಣೇ, ನನ್ ಸರ್ವೀಸ್ ಮುಗೀತು" ಅಂದಾಗ ನಾನೂ ನಕ್ಕಿದ್ದೆ. ಆಮೇಲೆ ಹೂವಿನವಳ ಕೂಗು ಕೇಳದೆ ಎರಡು ಮೂರು ಸಲ ಹೂವು ತಪ್ಪಿತು. ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನರ ಸೋತಿದೆ ಅಂದರು. ಕಿವಿಗೆ ಹಾಕುವ ಯಂತ್ರ ಕೊಟ್ಟರು. ಅದು ಮಿಕ್ಸಿ, ಬಸ್ಸಿನ ಹಾರ್ನ್, ಪಾತ್ರೆಯ ಸದ್ದು ಎಲ್ಲವನ್ನೂ ಸಮಾನವಾಗಿ ಅರಚುತ್ತದೆ ಎಂದು ಅವಳು ಅದನ್ನು ಏಲಕ್ಕಿ ಡಬ್ಬಿಯಲ್ಲಿ ಹಾಕಿಟ್ಟಳು.

ಆಗ ನಾನು ಹೊಸ ಲ್ಯಾಪ್‌ಟಾಪ್ ತಂದುಕೊಟ್ಟೆ. ಅದರಲ್ಲಿ ಕನ್ನಡ ಓದುವ ದನಿ ಇತ್ತು, ಆಕಾಶವಾಣಿಯಲ್ಲಿ ವಾರ್ತೆ ಓದುವ ಹೆಣ್ಣುಮಗಳಂಥ ಮೆತ್ತನೆಯ ದನಿ. ಚಿಕ್ಕಮ್ಮ ಗಂಟೆಗಟ್ಟಲೆ ಕೂತು ಕೇಳಿದಳು. "ಬಾಯ್ತುಂಬ ಅವಲಕ್ಕಿ ಇಟ್ಕೊಂಡ್ ಮಾತಾಡ್ದಂಗದೆ. ಒಂದೂ ತಿಳಿಯಾಕಿಲ್ಲ" ಅಂದಳು. ಹಟ ಅಂದುಕೊಂಡೆ. ಸ್ವಲ್ಪ ರೇಗಿಯೂ ಬಿಟ್ಟೆ. ಆಮೇಲೆ ಒಂದು ದಿನ ಹಳೆಯದನ್ನು ಹಾಕಿ, ಅದರ ದನಿಯನ್ನು ಇನ್ನೂ ಚೂಪು ಮಾಡಿ, ಸ್ಪೀಕರನ್ನು ಅವಳ ಬಲಗಿವಿಯ ಹತ್ತಿರ ಇಟ್ಟೆ. ಪತ್ರಿಕೆಯ ಮೊದಲ ಪುಟ ಪೂರ್ತಿ ಒಪ್ಪಿಸಿದಳು. ಮನುಷ್ಯರ ಮಾತು ಅವಳ ಕಿವಿಗೆ ಗಂಜಿಯಾಗಿ ಹೋಗಿತ್ತು. ಈ ತಗಡಿನ ದನಿ ಮಾತ್ರ ಒಳಗೆ ಇಳಿಯುತ್ತಿತ್ತು.

"ಕಡೆಗೂ ಅಳೇ ಗಂಡನ ಪಾದವೇ ಗತಿ ನೋಡು" ಎಂದು ನಕ್ಕಳು, ಗಂಡನನ್ನೇ ಕಾಣದವಳು.

ನಾನು ನಗಲಿಲ್ಲ. ಕಣ್ಣಿಲ್ಲ, ಕಿವಿಯೂ ಹೋಗುತ್ತಿದೆ, ಇವಳಿಗೂ ಪ್ರಪಂಚಕ್ಕೂ ನಡುವೆ ಉಳಿದಿರುವುದು ಆ ಒಂದು ಕಾರ್ಡ್ ಮಾತ್ರ ಎಂದು ಅವತ್ತು ನನಗೆ ಹೊಳೆಯಿತು. ಡ್ರೈವರ್ ಹೋದರೆ ಅದೂ ಹೋಗುತ್ತದೆ. ಹಳೆಯ ಆವೃತ್ತಿಯಲ್ಲೇ ಇದ್ದುಬಿಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಇರಬಹುದು, ಆದರೆ ಇಂದಿನ ಪತ್ರಿಕೆಯ ವೆಬ್‌ಸೈಟು ಹಳೆಯದಕ್ಕೆ ಬಾಗಿಲು ತೆಗೆಯುವುದಿಲ್ಲ. ಅವಳು ಹಳೇ ಸುದ್ದಿಯನ್ನೇ ಓದುತ್ತ ಕೂರಬೇಕಾಗುತ್ತದೆ. ಅಕ್ಷರದ ಚುಕ್ಕಿಗಳು ಮೇಲೆದ್ದು ಬೆರಳಿಗೆ ತಾಗುವ ಬ್ರೈಲ್ ಯಂತ್ರವನ್ನೂ ಒಬ್ಬರಿಂದ ಎರವಲು ತಂದು ನೋಡಿದ್ದಾಯಿತು. ಸಕ್ಕರೆ ಕಾಯಿಲೆಯಿಂದ ಅವಳ ಬೆರಳ ತುದಿಗಳು ಮರಗಟ್ಟಿದ್ದವು. "ರಾಗಿಕಾಳ್ ಮುಟ್ದಂಗಾಯ್ತದೆ, ಅಕ್ಷರ ಸಿಕ್ಕಾಕಿಲ್ಲ" ಅಂದಳು.

ಆ ವರ್ಷ ಮೇಲಿನವರು ತಿರುಳಿನ ಒಂದು ದೊಡ್ಡ ಭಾಗವನ್ನು ಹೊಸದಾಗಿ ಬರೆದರು. ಅದಕ್ಕೆ ಹೊಂದಿಕೊಳ್ಳಲು ನಮ್ಮ ಡ್ರೈವರಿನಲ್ಲೂ ನಾನು ಕೈಯಾಡಿಸಬೇಕಾಯಿತು. ಕಾರ್ಡ್ ಸಿದ್ಧವಾಗುವತನಕ ಕಾಯುವ ಭಾಗವನ್ನು ಬೇರೆ ರೀತಿಯಲ್ಲಿ ಬರೆದೆ. ಫ್ಯಾಕ್ಟರಿಯಲ್ಲಿ ಆಗ ವಾರ್ಷಿಕ ತಪಾಸಣೆ, ಕೂತು ನೋಡುವಷ್ಟು ಹೊತ್ತು ಇರಲಿಲ್ಲ. ಬೆಳಿಗ್ಗೆ ಪೆನ್‌ಡ್ರೈವ್ ಕೊಟ್ಟು ಹೋದೆ. ಮಾರನೆಯ ದಿನ ಸ್ಕೂಟರ್ ಇಳಿಯದೆ, ಗೇಟಿನ ಬಳಿ ನಿಂತಿದ್ದ ಅವಳ ಬಲಗಿವಿಯ ಹತ್ತಿರ ಬಾಗಿ ಕೂಗಿದೆ: "ಹೆಂಗಿದೆ ಚಿಕ್ಕಮ್ಮ?"

"ಬಲೇ ಚೆನ್ನಾಗದೆ ಕಣವ್ವ. ಯಾವತ್ತೂ ಇಷ್ಟ್ ಚೆನ್ನಾಗ್ ಮಾತಾಡಿರ್ನಿಲ್ಲ. ನೀ ಕಳುಸ್ಬುಡು."

ಯಾವತ್ತೂ ಹೊಗಳದ ಅತ್ತೆ ಹೊಗಳಿದಳು. ನಾನು ಹಿಗ್ಗಿಹೋದೆ. ಪರೀಕ್ಷೆಯಾಗಿದೆ ಎಂದು ಅವಳ ಹೆಸರು ಹಾಕಿ ಕಳಿಸಿದೆ. ಹೊಸ ಆವೃತ್ತಿ ಹೊರಗೆ ಬಂತು.

ತಪಾಸಣೆಯ ಗಡಿಬಿಡಿಯಲ್ಲಿ ನಾನು ಕಾಫಿಗೂ ಒಳಗೆ ಹೋಗದೆ ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಓನರ್ ಆಂಟಿ ನಿಲ್ಲಿಸಿ, "ನಿಮ್ಮ ಚಿಕ್ಕಮ್ಮ ಈಚೆಗೆ ಸುದ್ದಿನೇ ಹೇಳಲ್ಲ ಕಣ್ರೀ. ಕೇಳಿದ್ರೆ, ಏನದೆ, ಅವೇ ಕಳ್ಳತನ ಅವೇ ಎಲೆಕ್ಷನ್ನು ಅಂತಾರೆ" ಅಂದರು. ವಯಸ್ಸಾಯಿತಲ್ಲ, ಬೇಸರ ಇರಬೇಕು ಅಂದುಕೊಂಡು ಕಡಕೊಳಕ್ಕೆ ಹೋದೆ. ಅದೇ ವಾರ ಹಿಮದೂರಿನ ಅಣ್ಣನ ಇಮೇಲ್ ಬಂತು. ಬಹಳ ದಿನ ಬರೆಯಲಿಲ್ಲ ಎಂದು ಕ್ಷಮೆ ಕೇಳಿದ್ದ. ಹೊಸದನ್ನು ಹಾಕಿಕೊಂಡಾಗಿನಿಂದ ತನ್ನ ಕಾರ್ಡ್ ಒಂದು ಮಾತೂ ಆಡುತ್ತಿಲ್ಲ. ಮೈಸೂರಿನ ಅಮ್ಮ ಪರೀಕ್ಷೆ ಮಾಡಿ ಚೆನ್ನಾಗಿದೆ ಅಂದಿರುವುದರಿಂದ ದೋಷ ಡ್ರೈವರಿನದಲ್ಲ, ತನ್ನ ಕಾರ್ಡೇ ಸತ್ತಿರಬೇಕು. ಬಿಚ್ಚಿ, ಒರೆಸಿ, ಮತ್ತೆ ಹಾಕಿ ನೋಡಿ ಆಯಿತು. ಈ ಇಮೇಲನ್ನು ಪಕ್ಕದ ಮನೆಯವರ ಕೈಲಿ ಬರೆಸುತ್ತಿದ್ದಾನೆ. ಕಾರ್ಡನ್ನು ಎಸೆಯುವ ಮುಂಚೆ ಒಂದು ಮಾತು ಕೇಳೋಣ ಅಂತ.

ಭಾನುವಾರ ಚಿಕ್ಕಮ್ಮನ ಮನೆಗೆ ಹೋದೆ. ಅವನ ಕಾರ್ಡಿಗೂ ಇವಳದಕ್ಕೂ ಏನು ವ್ಯತ್ಯಾಸ ಎಂದು ನೋಡುವುದು ನನ್ನ ಉದ್ದೇಶ. ಅವಳು ಉಪ್ಸಾರಿಗೆ ಕಾಳು ಬೇಯಲು ಇಟ್ಟು ಕೂತಿದ್ದಳು. ನನ್ನ ಕೈ ಮುಟ್ಟಿ ಯಾರು ಎಂದು ತಿಳಿದುಕೊಂಡು, "ಬಾ, ಈಗ ಆಕ್ತಿದ್ದೆ" ಎಂದು ಕಂಪ್ಯೂಟರಿನ ಸ್ವಿಚ್ ಒತ್ತಿದಳು. ಫ್ಯಾನ್ ತಿರುಗಿತು. ಅವಳು ಎಂದಿನಂತೆ ತಲೆ ಒಂದು ಕಡೆ ವಾಲಿಸಿದಳು.

ಶುರುವಾಯಿತು. ಮೆಮರಿ ಸರಿಯಿದೆ. ಕೀಬೋರ್ಡ್ ಸಿಕ್ಕಿತು. ಡಿಸ್ಕ್ ಸಿಕ್ಕಿತು. ಅದೇ ಇಂಗ್ಲಿಷ್, ಅದೇ ತಗಡು ದನಿ, ಅದೇ ನಿಲುಗಡೆ. ಅರ್ಧ ಕೇಳಿಸಿಕೊಂಡ ಮೇಲೆ ನನಗೆ ಗೊತ್ತಾಯಿತು. ಕೋಣೆಯಲ್ಲಿ ಇದ್ದದ್ದು ಒಂದೇ ದನಿ. ಸ್ಪೀಕರಿಗೆ ಕಿವಿ ಹಚ್ಚಿದೆ. ಏನೂ ಇಲ್ಲ. ಹೇಳುತ್ತಿದ್ದವಳು ಚಿಕ್ಕಮ್ಮ ಒಬ್ಬಳೇ. ಕೊನೆಗೆ "ಎಲಮ್ಮಾ, ಬೆಲಗಾಯ್ತು" ಎಂದು ಮುಗಿಸಿ, ಗೆದ್ದವಳ ಹಾಗೆ ನನ್ನ ಕಡೆ ತಿರುಗಿದಳು. "ನೋಡ್ದಾ? ಎಷ್ಟ್ ಚೆನ್ನಾಗ್ ಯೋಳ್ತು."

ನನಗೆ ಅಳು ಬಂತು. ಅಳುತ್ತಲೇ ಅವಳ ಬಲಗಿವಿಯ ಹತ್ತಿರ ಹೋಗಿ ಕೂಗಿದೆ. ಇನ್ನೂ ಜೋರಾಗಿ ಕೂಗಿದೆ. ಓನರ್ ಆಂಟಿ ಏನಾಯಿತೋ ಎಂದು ಹಿತ್ತಲ ಬಾಗಿಲಿಗೆ ಓಡಿಬಂದರು. ಚಿಕ್ಕಮ್ಮನಿಗೆ ಮಾತ್ರ ನನ್ನ ಉಸಿರು ತಾಗಿತು, ಮಾತು ತಾಗಲಿಲ್ಲ. ಅವಳ ಅಂಗೈ ಬಿಡಿಸಿ, ನನ್ನ ತೋರುಬೆರಳಿನಿಂದ ಒತ್ತಿ ಒತ್ತಿ ಒಂದೊಂದೇ ಅಕ್ಷರ ಬರೆದೆ. ಕಣ್ಣು ಹೋಗುವ ಮುಂಚೆ ಕಲಿತ ಅಕ್ಷರಗಳು ಅವಳಿಗೆ ಇನ್ನೂ ನೆನಪಿದ್ದವು. "ಅದು ಮಾತಾಡುತ್ತಿಲ್ಲ" ಎಂದು ಬರೆದೆ.

ಅವಳ ಮುಖ ಬಾಡಿಹೋಯಿತು. ಸ್ಪೀಕರಿನ ಮೇಲೆ ಕೈಯಿಟ್ಟುಕೊಂಡು ಹೇಳಿದಳು. "ಮೊದ್ಲು ಕೇಳುಸ್ತಿತ್ತು. ಆಮೇಲೆ ಕೇಳುಸ್ದಂಗೆ ಆಯ್ತಿತ್ತು. ಯಾವತ್ ನಿಂತೋಯ್ತೋ ನಂಗೇ ಗೊತ್ತಾಗ್ನಿಲ್ಲ ಕಣವ್ವ. ಪೇಪರ್ ಓದೋದು ಪೂರಾ ಕೇಳುಸ್ತಿರ್ನಿಲ್ಲ, ಅದೊಂದ್ ಗೊತ್ತಾಗಿತ್ತು. ಬೆಳಿಗ್ಗೆ ಯೋಳೋದು ಕೇಳುಸ್ತದೆ ಅಂತ್ಲೇ ಇದ್ದೆ."

ಯಾಕೆ ಹೇಳಲಿಲ್ಲ ಎಂದು ಅಂಗೈಯಲ್ಲಿ ಬರೆದೆ.

"ಕೇಳ್ಸಾಕಿಲ್ಲ ಅಂದ್ರೆ ತಕರಾರು ಬಿದ್ದೋಯ್ತದಲ್ಲೇ. ಇರೋದೇ ಇಬ್ರು. ನಾನೂ ಇಲ್ಲ ಅಂದ್ರೆ ತೆಗ್ದಾಕ್ಬುಡಾಕಿಲ್ವಾ?"

ಕಾಳು ಸೀದ ವಾಸನೆ ಬಂತು. ಆಂಟಿಯೇ ಹೋಗಿ ಒಲೆ ಆರಿಸಿದರು. ಹಿಮದೂರಿನವನ ವಿಷಯ ಬರೆಯದಿರೋಣ ಅಂದುಕೊಂಡೆ. ಆದರೆ ಅವಳೇ ಕೇಳಿದಳು, ಆ ಅಣ್ಣಂದು ಎಂಗದೆ ಅಂತ. ಬರೆದೆ. ಅವಳ ಅಂಗೈ ಸಾಲದೆ ಮತ್ತೆ ಮತ್ತೆ ಒರೆಸಿ ಬರೆಯಬೇಕಾಯಿತು. ನಿನ್ನ ಮಾತು ನಂಬಿ ಅವನು ತನ್ನ ಕಾರ್ಡ್ ಎಸೆಯುವುದರಲ್ಲಿದ್ದ ಎಂಬಲ್ಲಿಗೆ ಬಂದಾಗ ಕೈ ಕಿತ್ತುಕೊಂಡಳು.

"ಅಯ್ಯೋ ಶಿವನೇ. ನನ್ ಮಾತ್ ನಂಬ್ಕೊಂಡು ಆವಯ್ಯ ಇಷ್ಟ್ ದಿನ ಮೂಗನ ಮನೇಲಿ ಕುಂತಂಗೆ ಕುಂತಿದ್ನಾ? ಪೋನ್ ಆಪ್ರೇಟ್ರು ಕಣೇ ನಾನು. ಒಬ್ರಿಗೂ ತಪ್ ಲೈನ್ ಕೊಟ್ಟೋಳಲ್ಲ."

ಅವತ್ತು ಅವಳು ಊಟ ಮಾಡಲಿಲ್ಲ. ಕಾರ್ಡಿಗಾಗಿ ಕಾಯಲು ನಾನು ಬರೆದ ಕೋಡಿನಲ್ಲೇ ತಪ್ಪಿರಬೇಕು, ನಿನ್ನದಲ್ಲ ಎಂದು ಎಷ್ಟು ಬರೆದರೂ ಇಲ್ಲವೆಂದು ತಲೆಯಾಡಿಸಿದಳು. ಸಂಜೆ ಹೊರಟು ನಿಂತಾಗ ಹೇಳಿದಳು, ಮನೆಯ ಕನ್ನಡದಲ್ಲಲ್ಲ, ಫೋನಿನ ಕನ್ನಡದಲ್ಲಿ: "ನನ್ನ ಹೆಸರು ತೆಗೆದುಬಿಡು."

ನಾನು ಅವಳ ಅಂಗೈ ಎರಡು ಸಲ ಒತ್ತಿದೆ. ಆ ಹೊತ್ತಿಗೆ ನಮ್ಮ ನಡುವೆ ಒಂದು ಒಪ್ಪಂದ ಆಗಿತ್ತು. ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ. ಎರಡನೆಯ ಒತ್ತು ಲೆಕ್ಕಕ್ಕಿಲ್ಲ ಎಂಬಂತೆ ಅವಳು ನನ್ನ ಕೈ ಬಿಡಿಸಿದಳು. "ಕೇಳಿಸದವರು ಪರೀಕ್ಷೆ ಮಾಡಬಾರದು" ಅಂದಳು.

ತಪ್ಪು ಸಿಕ್ಕಿದ್ದು ಬೇಗ. ಕಾರ್ಡ್ ಹಳೆಯದು, ಎದ್ದು ಕೂರಲು ಅದಕ್ಕೆ ಹೊತ್ತು ಬೇಕು. ನಾನು ಅವಸರಕ್ಕೆ ಬಿದ್ದು ಅದು ಬಾಯಿ ತೆರೆಯುವ ಮುಂಚೆಯೇ ಕೈಬಿಟ್ಟು ಹೋಗುವ ಹಾಗೆ ಬರೆದಿದ್ದೆ. ತಿದ್ದಿ ಕಳಿಸಿದೆ. ಹಿಮದೂರಿನಿಂದ ಒಂದೇ ಸಾಲಿನ ಉತ್ತರ ಬಂತು, ಈ ಸಲ ಅವನೇ ಬರೆದದ್ದು: ಮಾತಾಡಿತು. ಅದರ ಜೊತೆಯಲ್ಲೇ ಇನ್ನೊಂದು ಬದಲಾವಣೆಯನ್ನೂ ಕಳಿಸಿದೆ. ನಮ್ಮ ಕೆಲಸದಲ್ಲಿ ತೆಗೆದುಹಾಕುವ ಸಾಲಿನ ಮುಂದೆ ಒಂದು ಸಣ್ಣ ಅಡ್ಡಗೀಟು ಬರುತ್ತದೆ. ಚಿಕ್ಕಮ್ಮನ ಹೆಸರಿನ ಮುಂದೆ ಆ ಅಡ್ಡಗೀಟನ್ನು ನೋಡುತ್ತ ಕೂತೆ. ಕಾರಣ ಬರೆಯಬೇಕು ಎಂಬ ನಿಯಮವಿದೆ. ಅವರ ಕೋರಿಕೆಯಂತೆ ಎಂದಷ್ಟೇ ಬರೆದೆ. ಯಾರೂ ಏನೂ ಕೇಳಲಿಲ್ಲ. ಒಪ್ಪಿಕೊಂಡರು.

ಮತ್ತೆ ಆ ಪ್ರಶ್ನೆ ಬಂತು. ಇದನ್ನು ಇನ್ನೂ ಯಾರಾದರೂ ಬಳಸುತ್ತಿದ್ದೀರಾ? ಹಿಮದೂರಿನವನು ಇದ್ದೇನೆ ಅಂದ. ನಾನು ನೋಡಿಕೊಳ್ಳುತ್ತೇನೆ ಎಂದು ಮಾತ್ರ ಬರೆದೆ. ಮೈಸೂರಿನಲ್ಲಿ ಒಬ್ಬರಿದ್ದಾರೆ ಎಂದು ಟೈಪ್ ಮಾಡಿ, ಅಳಿಸಿದೆ. ಡ್ರೈವರ್ ಉಳಿದಿದೆ. ಆ ಅಣ್ಣನ ಸಲುವಾಗಿ ಅದನ್ನು ಪರೀಕ್ಷೆ ಮಾಡಬೇಕಾದರೆ ನನಗೆ ಗೊತ್ತಿರುವ ಇನ್ನೊಂದು ಕಾರ್ಡ್ ಚಿಕ್ಕಮ್ಮನ ಕೋಣೆಯಲ್ಲೇ ಇದೆ. ಪೆಟ್ಟಿಗೆಯನ್ನು ನಮ್ಮ ಮನೆಗೆ ಒಯ್ಯಲೇ ಎಂದು ಒಮ್ಮೆ ಅಂಗೈಯಲ್ಲಿ ಕೇಳಿದೆ. "ಇಲ್ಲೇ ಇರ್ಲಿ ಬುಡು. ನೀನಾದ್ರೂ ಬತ್ತೀಯ" ಅಂದಳು.

ಹಾಗಾಗಿ ಭಾನುವಾರಗಳಲ್ಲಿ ಹೋಗುತ್ತೇನೆ. ಅವಳೇ ಸ್ವಿಚ್ ಒತ್ತಬೇಕು, ನಾನು ಒತ್ತಿದರೆ ಸಿಟ್ಟು. ಅವಳು ಒತ್ತಿ, ತಲೆ ವಾಲಿಸಿ, ಹೇಳಲು ಶುರುಮಾಡುತ್ತಾಳೆ. ಹೊಸ ಆವೃತ್ತಿಯಲ್ಲಿ ಕಾರ್ಡಿಗಾಗಿ ಕಾಯುವ ಹೊತ್ತು ಹೆಚ್ಚು, ಆದ್ದರಿಂದ ಅದು ಈಗ ತಡವಾಗಿ ಬಾಯಿ ತೆರೆಯುತ್ತದೆ. ಇವಳು ಡಿಸ್ಕಿಗೆ ಬರುವ ವೇಳೆಗೆ ಅದು ಮೆಮರಿಯಲ್ಲಿರುತ್ತದೆ. ಒಂದೇ ದನಿ, ಒಂದೇ ಮಾತು, ಒಂದು ಮುಂದೆ, ಇನ್ನೊಂದು ಹಿಂದೆ. ನನಗೆ ಕೇಳಿಸಿಕೊಂಡು ಕೂರುವುದು ಕಷ್ಟವಾಗುತ್ತದೆ.

ಹೋದ ಭಾನುವಾರ ಅವಳು "ಬೆಲಗಾಯ್ತು" ಎಂದು ಮುಗಿಸಿ ಕೈ ಚಾಚಿದಳು. ಹಿಂದೆ ಸ್ಪೀಕರಿನಲ್ಲಿ ಕಾರ್ಡ್ ಇನ್ನೂ ತನ್ನ ಕೀಬೋರ್ಡನ್ನು ಹುಡುಕುತ್ತಿತ್ತು.

"ಇಬ್ರೂ ಒಟ್ಗೇ ಮುಗ್ಸುದ್ವಾ?" ಎಂದು ಕೇಳಿದಳು.

ಅದು ಮುಗಿಯುವತನಕ ಕಾದೆ. ಏಳಮ್ಮ, ಬೆಳಗಾಯ್ತು ಎಂದು ಅದು ತನ್ನ ಕೆಟ್ಟ ಕನ್ನಡದಲ್ಲಿ ನನಗೊಬ್ಬಳಿಗೇ ಹೇಳಿತು. ಆಮೇಲೆ ಅವಳ ಅಂಗೈಯನ್ನು ತೆಗೆದುಕೊಂಡು ಒಂದು ಸಲ ಒತ್ತಿದೆ.